ಯಾಕೋಬನ ಅಳು

ಹತ್ತು ಜನ ಅಣ್ಣಂದಿರು ಸೇರಿ ತಮ್ಮನನ್ನು ಗುಂಡಿಗೆ ತಳ್ಳುವ ಅಧ್ಯಾಯವನ್ನು ಒಬ್ಬನೇ ಮನುಷ್ಯ, ಒಂದೇ ಕುರ್ಚಿಯ ಮೇಲೆ ಕೂತು, ಮಧ್ಯಾಹ್ನದೊಳಗೆ ಓದಿ ಮುಗಿಸಬೇಕಿತ್ತು. ಆ ಮನುಷ್ಯನನ್ನು ಎಲ್ಲರೂ ಟೇಪು ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ಕೇಳಿದ್ದನ್ನೆಲ್ಲ ಕೇಳಿದ ಹಾಗೆಯೇ ತಿರುಗಿ ಹೇಳುತ್ತಿದ್ದನೆಂದು ಮನೆಯವರು ಟೇಪ್ ರೆಕಾರ್ಡರ್ ಎಂದರು, ಬೀದಿಯವರು ಬಾಲ ಕತ್ತರಿಸಿ ಟೇಪು ಎಂದರು. ಈಗ ಅವನಿಗೆ ನಲವತ್ತು ದಾಟಿದೆ. ಟೇಪುಗಳ ಕಾಲ ಮುಗಿದು ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಸುರುಳಿ ಬಿಚ್ಚದೆ ಓಡುತ್ತಿದೆ.

ದನಿ ಕೊಡುವುದೇ ಅವನ ಕಸುಬು. ಕಾರ್ಟೂನಿನ ನರಿ ಅವನೇ, ಬಸ್ ನಿಲ್ದಾಣದಲ್ಲಿ ಜೇಬುಗಳ್ಳರಿದ್ದಾರೆ ಎಂದು ಎಚ್ಚರಿಸುವವನೂ ಅವನೇ, ಹಲ್ಲಿನ ಪೇಸ್ಟ್ ಹೊಗಳುವ ಅಜ್ಜನೂ ಅವನೇ. ‘ದನಿಯಿಂದ ಧನಿಯಾದವರಿದ್ದಾರಂತೆ, ನಾನು ಬರೀ ದಣಿದೆ’ ಎಂದು ಸ್ಟುಡಿಯೋದಲ್ಲಿ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ. ಮೊದಲ ಸಲ ಕೇಳಿದವರು ನಗುತ್ತಿದ್ದರು. ಎರಡನೆಯ ಸಲ ಕೇಳಿದವರು ಬೇಗ ಕೆಲಸ ಶುರು ಮಾಡುತ್ತಿದ್ದರು.

ಸ್ಟುಡಿಯೋ ಎಂದರೆ ದರ್ಜಿ ಅಂಗಡಿಯ ಕೆಳಗಿನ ನೆಲಮಾಳಿಗೆ. ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದರು. ಮೇಲೆ ಹೊಲಿಗೆ ಯಂತ್ರ ಓಡಿದಾಗಲೆಲ್ಲ ಕೆಳಗೆ ದೇವದೂತನೂ ಬಾಯಿ ಮುಚ್ಚಿ ಕಾಯಬೇಕು. ಕ್ರೈಸ್ತ ಸಭೆಗಳ ಒಕ್ಕೂಟದವರು ಕಣ್ಣು ಕಾಣದವರಿಗೆಂದು ಇಡೀ ಬೈಬಲ್ಲನ್ನು ಓದಿಸಿ ಧ್ವನಿ ಮುದ್ರಿಸಿಕೊಳ್ಳುತ್ತಿದ್ದರು. ಅದರಲ್ಲಿನ ಇಷ್ಟೊಂದು ಪಾತ್ರಗಳಿಗೆ ಓದುವವರನ್ನು ಒಂದೇ ಹೊತ್ತಿಗೆ ಕೂಡಿಸಲು ಹೊರಟ ಪಾಸ್ಟರಿಗೆ ಅದು ಕಪ್ಪೆಗಳನ್ನು ತಕ್ಕಡಿಗೆ ಹಾಕುವ ಕೆಲಸವೆಂದು ವಾರದೊಳಗೆ ತಿಳಿದು, ಎಲ್ಲ ಕಪ್ಪೆಗಳ ದನಿಯೂ ಬರುವ ಒಬ್ಬನನ್ನೇ ಹಿಡಿದು ತಂದಿದ್ದರು.

ಅವರು ಟೇಪುವನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಹಿಂದಿನ ವರ್ಷ ಸಭೆಯ ಗಂಡಸರ ಕೂಟದಲ್ಲಿ ಅವನು ಅರ್ಧ ಗಂಟೆ ಮಾತಾಡಿದ್ದ. ವಿಷಯ, ತನ್ನವರಿಂದಲೇ ತಳ್ಳಿಸಿಕೊಂಡವರು. ಅಣ್ಣಂದಿರು ಮಾರಿದ ಯೋಸೇಫ, ಹುಣ್ಣು ಕೆರೆದುಕೊಳ್ಳುತ್ತ ಕೂತಾಗ ಹೆಂಡತಿಯೂ ಗೆಳೆಯರೂ ಕುಟುಕಿದ ಯೋಬ, ಸ್ವಂತ ತಮ್ಮಂದಿರೇ ನಂಬದ ಯೇಸು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಸಾಲಿನ ಕೊನೆಗೆ ಒಂದು ಜಾಗ ಖಾಲಿ ಬಿಟ್ಟಿದ್ದ. ಅಲ್ಲಿ ಯಾರು ನಿಂತಿದ್ದಾರೆಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕೂತವರಿಗೆಲ್ಲ ಗೊತ್ತಾಗಿತ್ತು. ಮೂರು ಜನ ಕರ್ಚೀಫು ತೆಗೆದಿದ್ದರು.

ಗೊತ್ತಾಗದೆ ಏನು? ಅವನ ಅಪ್ಪ ಅವನೊಡನೆ ಮಾತು ಬಿಟ್ಟು ಹದಿನಾರು ವರ್ಷವಾಗಿತ್ತು.

ಅಪ್ಪ ಚರ್ಚಿನಲ್ಲಿ ನಲವತ್ತು ವರ್ಷ ವಾಚಕರಾಗಿದ್ದವರು. ಭಾನುವಾರದ ಪಾಠವನ್ನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಒಂದಕ್ಷರ ಜಾರದ ಹಾಗೆ ಓದುತ್ತಿದ್ದರು. ಅಮ್ಮ ಸತ್ತ ದಿನವೂ ಓದಿದರು. ಬೇಡವೆಂದು ಹೇಳಿದವರಿಗೆ ತಲೆಯಾಡಿಸಿ ಶವಪೆಟ್ಟಿಗೆಯ ಪಕ್ಕದಲ್ಲೇ ನಿಂತು ಓದಿದರು. ಅರ್ಧದಲ್ಲಿ ಒಂದು ಕಡೆ ಗಕ್ಕನೆ ನಿಂತರು. ಉಸಿರು ಒಳಗೆ ಹೋಗಿ ಅಲ್ಲೇ ಉಳಿಯಿತು. ಆಮೇಲೆ ಮಿಕ್ಕ ಸಾಲುಗಳನ್ನು ಒಂದೇ ಓಟದಲ್ಲಿ ಓದಿ ಪುಸ್ತಕ ಮುಚ್ಚಿದರು. ಅಪ್ಪ ಅತ್ತದ್ದನ್ನು ಟೇಪು ಕಂಡದ್ದು ಅದೊಂದೇ ಸಲ. ಆ ನಿಲುಗಡೆ ಅವನ ಗಂಟಲೊಳಗೆ ಮುದ್ರೆಯಾಗಿ ಕೂತಿತು.

ಎಂಟು ತಿಂಗಳ ಮೇಲೆ ಚರ್ಚಿನ ಹಾಲಿನಲ್ಲಿ ಯುವಕರ ಕಾರ್ಯಕ್ರಮ. ಟೇಪು ಅವತ್ತಿನ ಪಾಸ್ಟರನ್ನು ಅಣಕಿಸಿದ, ಗಾಯನ ತಂಡದ ದಪ್ಪ ಹೆಂಗಸನ್ನು ಅಣಕಿಸಿದ, ಗಂಟೆ ಹೊಡೆಯುವವನ ಕೆಮ್ಮನ್ನೂ ಬಿಡಲಿಲ್ಲ. ಅಣಕಕ್ಕೆ ಅಳುಕು ಎಲ್ಲಿಯದು? ಹಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ‘ವಾಚಕರು, ವಾಚಕರು’ ಎಂದು ಹಿಂದಿನಿಂದ ಯಾರೋ ಕೂಗಿದರು. ಅಪ್ಪನ ಬೆರಳು, ಅಪ್ಪನ ಗತ್ತು, ಅಪ್ಪನ ಎಳೆತ ಎಲ್ಲ ಬಂತು. ನಗು ಇನ್ನೂ ಬೇಕೆಂದಿತು. ಗಂಟಲು ತನ್ನಲ್ಲಿದ್ದ ಕೊನೆಯದನ್ನೂ ಕೊಟ್ಟುಬಿಟ್ಟಿತು. ಓದುತ್ತ ಓದುತ್ತ ಗಕ್ಕನೆ ನಿಂತ, ಆಮೇಲೆ ಒಂದೇ ಓಟ. ಜನ ಬಿದ್ದು ಬಿದ್ದು ನಕ್ಕರು. ಎರಡನೆಯ ಸಾಲಿನಲ್ಲಿದ್ದ ಅಪ್ಪ ಎದ್ದು ಹೊರಟರು. ಸಾಲಿನ ತುದಿಯ ಕುರ್ಚಿಗೆ ಮೊಣಕಾಲು ಹೊಡೆದು ಅದನ್ನು ಬೀಳಿಸಿದರು. ಕೋಪಕ್ಕೆ ಕಣ್ಣಿಲ್ಲ ಎಂದು ಯಾರೋ ಹೇಳಿದ್ದಕ್ಕೆ ಮತ್ತೊಂದು ಸುತ್ತು ನಗು.

ಮುಂದಿನ ಭಾನುವಾರದಿಂದ ಅಪ್ಪ ಓದಲಿಲ್ಲ. ಮನೆಯಲ್ಲಿ ತಟ್ಟೆ ಇಡುತ್ತಿದ್ದರು, ಉಪ್ಪು ಬೇಕಾದರೆ ಎದುರಿಗಿದ್ದ ಮಗನನ್ನು ಬಿಟ್ಟು ಅಡುಗೆಮನೆಯಲ್ಲಿದ್ದ ಮಗಳನ್ನು ಕೇಳುತ್ತಿದ್ದರು. ನಾಲ್ಕು ತಿಂಗಳು ಸಹಿಸಿ ಟೇಪು ಮನೆ ಬಿಟ್ಟ. ಅಲ್ಲಿಂದಾಚೆಗೆ ಅವನು ಫೋನ್ ಮಾಡಿದಾಗಲೆಲ್ಲ ಅಕ್ಕ ‘ಅಪ್ಪ ಮಲಗಿದ್ದಾರೆ’ ಎನ್ನುತ್ತಿದ್ದಳು. ಬೆಳಗ್ಗೆ ಹತ್ತಕ್ಕೆ ಮಾಡಿದರೂ ಮಲಗಿದ್ದರು, ಸಂಜೆ ಐದಕ್ಕೂ ಮಲಗಿದ್ದರು. ನಡುವೆ ಒಂದು ಸಲ ಅಪ್ಪನ ಕಣ್ಣಿನ ನರ ಒಣಗಿ ದೃಷ್ಟಿ ಪೂರ್ತಿ ಹೋಯಿತೆಂದು ಹೇಳಿದಳು. ಟೇಪು ತುಂಬ ನೊಂದುಕೊಂಡ. ಕಣ್ಣು ಹೋದ ಮೇಲಾದರೂ ಮಗ ಕಾಣಬಹುದು ಎಂದು ಕಾದ. ಕಾಣಲಿಲ್ಲ. ಈ ಒಂದು ಆಸೆ ಮಾತ್ರ ಸಾಯಲೊಲ್ಲದು: ಅಪ್ಪ ಒಂದು ಸಲ, ಒಂದೇ ಸಲ, ತನ್ನ ಕಡೆ ತಿರುಗಿ ಮಾತಾಡಬೇಕು. ಬೈದರೂ ಸರಿ.

ಹೀಗಿರುವಾಗ ಸಿಕ್ಕಿದ ಕೆಲಸ ಇದು. ಅಪ್ಪ ಹಗಲೆಲ್ಲ ಫೋನಿನಲ್ಲಿ ಬೈಬಲ್ ವಾಚನ ಕೇಳುತ್ತಾರೆಂದು ಅಕ್ಕ ಹೇಳಿದ್ದಳು. ಬಾಗಿಲಿಂದ ಹೋಗಲಾಗದ ಮನೆಗೆ ಕಿವಿಯಿಂದ ಹೋಗಬಹುದಲ್ಲ! ಟೇಪು ಹುರುಪಿನಿಂದ ಕೂತ. ಬಾಯಿ ಚಪ್ಪರಿಕೆ ಕೇಳಿಸಬಾರದೆಂದು ಹುಳಿ ಸೇಬು ಕಚ್ಚಿ, ಹೊಟ್ಟೆ ಗುರುಗುಡಬಾರದೆಂದು ಮಡಿಲಲ್ಲಿ ದಿಂಬು ಒತ್ತಿಕೊಂಡು, ಮೈಕಿಗೆ ಮುಖ ಕೊಟ್ಟ.

ಅಣ್ಣಂದಿರು ಸಲೀಸಾಗಿ ಬಂದರು. ರೂಬೇನನಿಗೆ ಹಿಂದೊಮ್ಮೆ ಬಾಡಿಗೆಗಿದ್ದ ಮನೆಯ ಮಾಲೀಕನ ದನಿ ಕೊಟ್ಟ. ಒಳ್ಳೆಯವನೇ, ಆದರೆ ಬೇಕಾದ ಹೊತ್ತಿಗೆ ಇರುವವನಲ್ಲ. ಮಾರಿಬಿಡೋಣವೆನ್ನುವ ಯೆಹೂದನಿಗೆ ಟೈರ್ ಅಂಗಡಿಯವನ ದನಿ. ಮಿಕ್ಕವರಿಗೆ ಟಿಕೆಟ್ ತಪಾಸಣೆಯವನು, ಹಲ್ಲಿನ ಡಾಕ್ಟರು, ಹೀಗೆ ಯಾರ್ಯಾರೋ. ಯೋಸೇಫನಿಗೆ ಮಾತ್ರ ತನ್ನದೇ ದನಿ, ಸ್ವಲ್ಪ ಜೇನು ಸವರಿ. ಗುಂಡಿಯೊಳಗಿನ ಯೋಸೇಫನಿಗೆ ಆ ಅಧ್ಯಾಯದಲ್ಲಿ ಮಾತಿಲ್ಲ. ಟೇಪು ಪಾಸ್ಟರನ್ನು ಕಾಡಿ ಬೇಡಿ ಒಂದು ನರಳಾಟ ಸೇರಿಸಿಕೊಂಡ.

ಸಿಕ್ಕಿಹಾಕಿಕೊಂಡದ್ದು ಮುದುಕ ಯಾಕೋಬನಲ್ಲಿ. ಅಣ್ಣಂದಿರು ರಕ್ತದಲ್ಲಿ ಅದ್ದಿ ತಂದ ಯೋಸೇಫನ ಅಂಗಿಯನ್ನು ನೋಡಿ, ಮಗನನ್ನು ಕಾಡುಮೃಗ ಸೀಳಿತೆಂದು ತಿಳಿಯುವ ಅಪ್ಪ ಅವನು. ಟೇಪು ಪೇಸ್ಟಿನ ಅಜ್ಜನ ದನಿಯಲ್ಲಿ ಓದಿದ. ಗಾಜಿನಾಚೆ ಯಂತ್ರಗಳ ಮುಂದಿದ್ದ ಹೆಂಗಸು, ಎಲ್ಲರೂ ಎಂಜಿನಿಯರಮ್ಮ ಎನ್ನುತ್ತಿದ್ದವಳು, ಗುಂಡಿ ಒತ್ತಿ, “ಸಾರ್, ಮಗ ಸತ್ತೋನ ಬಾಯಲ್ಲಿ ಹಲ್ಲು ಹೊಳೀತಾ ಇದೆ,” ಎಂದಳು.

ಇನ್ನೊಂದು ಮುದುಕನ ದನಿ ಹಾಕಿದ. ಅದೂ ಬೇಡವೆಂದಳು. ಟೇಪು ಕಣ್ಣು ಮುಚ್ಚಿದ. ಅಳುವ ಅಪ್ಪನ ದನಿ ಅವನ ಹತ್ತಿರ ಇದ್ದದ್ದು ಒಂದೇ. ಮುಟ್ಟಬಾರದೆಂದು ಹದಿನಾರು ವರ್ಷ ಬಿಗಿದಿಟ್ಟದ್ದು. ಈ ಸಲ ಯಾರೂ ನಗುವವರಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಓದಿದ. ಅರ್ಧದಲ್ಲಿ ಗಕ್ಕನೆ ನಿಂತ. ಗಂಟಲೊಳಗೆ ಒದ್ದೆ ಉಸಿರೊಂದು ಒಡೆಯಿತು. ಆಮೇಲೆ ಒಂದೇ ಓಟ.

ಎಂಜಿನಿಯರಮ್ಮ ಕಿವಿಯ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಪಾಸ್ಟರು ಕನ್ನಡಕ ಒರೆಸಿಕೊಂಡರು. ಎರಡನೆಯ ಸಲ ಓದಿಸುವ ಮಾತೇ ಬರಲಿಲ್ಲ.

ಆ ಅಧ್ಯಾಯವನ್ನೇ ಮಾದರಿಯೆಂದು ಒಕ್ಕೂಟದವರು ಎಲ್ಲ ಸಭೆಗಳಿಗೂ ಕಳಿಸಿದರು. ಫೋನಿಂದ ಫೋನಿಗೆ ಅದು ಶೀತದ ಹಾಗೆ ಹರಡಿತು. ಮೂರು ವಾರದ ಮೇಲೆ ಅಕ್ಕ ತಾನಾಗಿ ಫೋನ್ ಮಾಡಿದಳು.

“ಅಪ್ಪ ಎದ್ದಿದ್ದಾರೆ,” ಎಂದಳು. “ಶನಿವಾರ ಬೆಳಗ್ಗೆ ಬಾ ಅಂತಿದ್ದಾರೆ.”

ಟೇಪು ಇಸ್ತ್ರಿ ಅಂಗಿ ತೊಟ್ಟು ಹೊರಟ. ಅಕ್ಕ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು, ಅಪ್ಪ ಅವಳ ಜೊತೆ ಮೂರನೆಯ ಮಹಡಿಯ ಮನೆಯಲ್ಲಿದ್ದರು. ಅಪ್ಪನ ಕೈಗೆ ಮಹಡಿ ತಿಳಿಯಲೆಂದು ಮೆಟ್ಟಿಲ ಕಂಬಿಗೆ ಅವಳು ರಬ್ಬರ್ ಬ್ಯಾಂಡು ಸುತ್ತಿದ್ದಳು, ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಮೂರನೆಯದರ ಹತ್ತಿರ ಟೇಪು ಅಂಗಿಯ ಕಾಲರು ಸರಿಮಾಡಿಕೊಂಡ. ಅಪ್ಪ ತಬ್ಬಿಕೊಂಡರೆ ಏನು ಹೇಳಬೇಕೆಂದು ಅವನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದ.

ಅಪ್ಪ ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದರು. ಕತ್ತಿನ ಗುಂಡಿಯವರೆಗೂ ಹಾಕಿದ ಅಂಗಿ, ನುಣ್ಣಗೆ ಬೋಳಿಸಿದ ಗಲ್ಲ. ಕೈಯಲ್ಲಿ ಫೋನು.

“ಕೂತ್ಕೋ,” ಎಂದರು. “ಎಡಗಡೆ ಕುರ್ಚಿ ಇದೆ.”

ಟೇಪು ಕೂತ. ಹದಿನಾರು ವರ್ಷದಲ್ಲಿ ಅಪ್ಪ ಅವನಿಗೆ ಆಡಿದ ಮೊದಲ ಮಾತು ಕುರ್ಚಿಯ ವಿಷಯ. ಅದೂ ಅವನಿಗೆ ಸಿಹಿಯಾಗಿಯೇ ಕೇಳಿಸಿತು.

ಅಪ್ಪ ಓದುಗಾರರು, ಓದಿನಿಂದಲೇ ಶುರು ಮಾಡಿದರು. ಹತ್ತು ಜನ ಅಣ್ಣಂದಿರು ಹತ್ತು ಜನರಾಗಿಯೇ ಕೇಳಿಸುತ್ತಾರೆ, ಯಾವನೂ ನಾಟಕ ಮಾಡುತ್ತಿಲ್ಲ, ಅವರ ಹೊಟ್ಟೆಯೊಳಗೆ ಹೋಗಿ ಬಂದವನ ಹಾಗೆ ಓದಿದ್ದೀಯ ಎಂದರು. ಟೇಪುವಿನ ಎದೆ ಉಬ್ಬಿತು.

“ಯೋಸೇಫ?” ಎಂದು ಕೇಳಿದ.

“ಯೋಸೇಫ ಸುಳ್ಳು. ಗುಂಡಿಯೊಳಗೆ ಅವನು ನರಳಿದ ಅಂತ ಅಲ್ಲಿ ಬರೆದಿಲ್ಲ. ನರಳೋನು ಮೇಲೆ ಯಾರಾದ್ರೂ ಕೇಳ್ತಿದ್ದಾರಾ ಅಂತ ಮಧ್ಯ ಮಧ್ಯ ನಿಲ್ಲಿಸಿ ನೋಡೋದೂ ಇಲ್ಲ.”

ಆಮೇಲೆ ಹೆಬ್ಬೆರಳಿನಿಂದ ತಡವಿ ಫೋನು ಒತ್ತಿದರು. ಯಾಕೋಬ ಮಾತಾಡಿದ. ಗಕ್ಕನೆ ನಿಂತ. ಒದ್ದೆ ಉಸಿರು ಒಡೆಯಿತು. ಅಪ್ಪ ಅಲ್ಲಿಗೇ ನಿಲ್ಲಿಸಿದರು.

“ಇದು ನಾನು,” ಎಂದರು.

“ಹೌದಪ್ಪ.”

“ಇಲ್ಲಿ ಅಳ್ತಿದ್ದೀನಿ.”

“ಹೌದಪ್ಪ. ಅಮ್ಮನ...”

“ಅವತ್ತು ನಾನು ಅಳಲಿಲ್ಲ.”

ಟೇಪುವಿಗೆ ಏನೂ ತಿಳಿಯಲಿಲ್ಲ. ಅಪ್ಪ ಪಾಠ ಓದುವ ದನಿಯಲ್ಲೇ, ಏರಿಳಿತವಿಲ್ಲದೆ, ಹೇಳುತ್ತ ಹೋದರು. ಅಮ್ಮ ಸಾಯುವುದಕ್ಕೆ ಎರಡು ವರ್ಷ ಮೊದಲೇ ಅವರ ಕಣ್ಣು ಮಂಜಾಗಲು ಶುರುವಾಗಿತ್ತು. ಅದು ಅಮ್ಮನಿಗೊಬ್ಬಳಿಗೇ ಗೊತ್ತು. ಶನಿವಾರ ಮಧ್ಯಾಹ್ನ ಅವಳು ಮರುದಿನದ ಪಾಠವನ್ನು ದಪ್ಪ ಪೆನ್ನಿನಲ್ಲಿ, ಬೆರಳುದ್ದದ ಅಕ್ಷರಗಳಲ್ಲಿ ಬರೆದು, ಹಾಳೆಗಳನ್ನು ಚರ್ಚಿನ ದೊಡ್ಡ ಪುಸ್ತಕದೊಳಗೆ ಇಡುತ್ತಿದ್ದಳು. ಜನ ಅವರು ಪುಸ್ತಕ ಓದುತ್ತಿದ್ದಾರೆಂದು ತಿಳಿದಿದ್ದರು. ಅವರು ಓದುತ್ತಿದ್ದದ್ದು ಹೆಂಡತಿಯ ಕೈಬರಹವನ್ನು. ಅವಳ ಪೆಟ್ಟಿಗೆಯ ಪಕ್ಕ ನಿಂತ ದಿನ ಮಾತ್ರ ಬರೆದುಕೊಡಲು ಅವಳಿರಲಿಲ್ಲ. ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಅರ್ಧ ದಾರಿ ಹೋದರು. ನಡುವೆ ಸಾಲು ಒರೆಸಿಹೋದ ಹಾಗೆ ಮಾಯವಾಯಿತು. ನಿಂತರು, ಹುಡುಕಿದರು, ಸಿಗಲಿಲ್ಲ. ಮಿಕ್ಕದ್ದನ್ನು ನೆನಪಿನಿಂದ, ಮರೆತುಹೋಗುವ ಮೊದಲೇ ಮುಗಿಸಬೇಕೆಂದು, ಓಡುತ್ತ ಹೇಳಿದರು. ಆಮೇಲೆ ಅಕ್ಕನಿಗೆ ಮಾತ್ರ ವಿಷಯ ತಿಳಿಸಿ, ಬಾಯಿ ಬಿಡಬೇಡವೆಂದು ಮಾತು ತೆಗೆದುಕೊಂಡರು. ಎಂಟು ತಿಂಗಳು ಅವಳು ಬರೆದುಕೊಟ್ಟಳು.

“ಆಮೇಲೆ ಹಾಲಿನಲ್ಲಿ ನೀನು ಆ ಜಾಗದಲ್ಲೇ ನಿಂತೆ. ಜನ ನಕ್ಕರು. ಇವನಿಗೆ ಗೊತ್ತಾಗಿದೆ, ಊರಿಗೆಲ್ಲ ತೋರಿಸ್ತಿದ್ದಾನೆ ಅಂದ್ಕೊಂಡೆ. ಏಳೋ ಆತುರದಲ್ಲಿ ಕುರ್ಚಿ ಕಾಣಲಿಲ್ಲ. ಅದಕ್ಕೂ ನಕ್ಕರು.”

“ನನಗೆ ಯಾರೂ ಹೇಳಲಿಲ್ಲ ಅಪ್ಪ.”

“ಹೇಳಲಿಲ್ಲ, ನಿಜ. ಅವತ್ತಿನ ಗದ್ದಲದಲ್ಲಿ ನಿನ್ನ ಉಸಿರು ನನಗೆ ಕೇಳಿಸಿರಲಿಲ್ಲ. ಇದರಲ್ಲಿ ಕೇಳಿಸ್ತು. ನೀನು ಅಳು ಹಾಕಿದ್ದೀಯ. ಕಣ್ಣಿಂದು ನಿನಗೆ ಗೊತ್ತೇ ಇರಲಿಲ್ಲ ಅಂತ ಅದರಿಂದ ತಿಳೀತು.” ಅಪ್ಪ ಫೋನನ್ನು ಮಡಿಲಲ್ಲಿ ಮಗುಚಿಟ್ಟರು. “ಅಮ್ಮ ಶನಿವಾರ ಶನಿವಾರ ಊಟದ ಮೇಜಿನ ಮೇಲೆ ಬರೀತಾ ಕೂತಿರ್ತಿದ್ದಳಲ್ಲ. ಏನು ಬರೀತಿದ್ದೀಯಮ್ಮ ಅಂತ ಒಂದು ಸಲ ಕೇಳಿದ್ಯಾ?”

ಕೇಳಿರಲಿಲ್ಲ. ಆ ದಪ್ಪ ಪೆನ್ನು ಹಾಳೆಯ ಮೇಲೆ ಕಿರ್ರ್ ಕಿರ್ರ್ ಎನ್ನುತ್ತಿದ್ದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಈಗಲೂ ಬಾಯಲ್ಲಿ ಮಾಡಿ ತೋರಿಸಬಲ್ಲ, ಕೇಳಿದವರು ಹಲ್ಲು ಕಚ್ಚುವಷ್ಟು ನಿಜವಾಗಿ. ಎಲ್ಲರನ್ನೂ ಕೇಳಿಸಿಕೊಂಡಿದ್ದ. ಯಾರನ್ನೂ ಕೇಳಿರಲಿಲ್ಲ.

ಕ್ಷಮಿಸಬೇಕೆಂದು ಹೇಗೋ ಹೇಳಿದ. ಅಭ್ಯಾಸ ಮಾಡಿದ್ದ ಮಾತುಗಳಲ್ಲಿ ಅದು ಇರಲಿಲ್ಲ, ಆದ್ದರಿಂದ ತೊದಲಿತು.

“ಗೊತ್ತಿದ್ದೂ ಅಣಕಿಸಿದ ಅಂತ ಇಷ್ಟು ವರ್ಷ ಕೋಪ ಇತ್ತು,” ಎಂದರು ಅಪ್ಪ. “ಆ ಕೋಪ ಮೊನ್ನೆ ಹೋಯ್ತು. ಅದರ ಜಾಗಕ್ಕೆ ಇನ್ನೂ ಏನೂ ಬಂದಿಲ್ಲ. ಸುಳ್ಳು ಯಾಕೆ ಹೇಳಲಿ? ಹುಡುಕಿ ನೋಡ್ದೆ, ಇಲ್ಲ.” ಮಡಿಲಿನ ಫೋನಿನ ಮೇಲೆ ಕೈಯಿಟ್ಟು, “ಆ ಅಳು ನಂದಲ್ಲ. ಅದನ್ನ ತೆಗೆಸು,” ಎಂದರು.

ಮೆಟ್ಟಿಲವರೆಗೆ ಬಂದ ಅಕ್ಕನನ್ನು ಟೇಪು ತರಾಟೆಗೆ ತೆಗೆದುಕೊಂಡ. ನೀನು ಅಪ್ಪನಿಗೆ ಮಾತು ಕೊಟ್ಟಿದ್ದೆ ಸರಿ, ದೃಷ್ಟಿ ಪೂರ್ತಿ ಹೋಗಿ ಊರಿಗೇ ಗೊತ್ತಾದ ಮೇಲಾದರೂ ಆ ದಿನದ ನಿಜ ಹೇಳಬಾರದಿತ್ತೇ ಎಂದ. ಅಕ್ಕ ಸಿಟ್ಟಾಗಲಿಲ್ಲ. ಔಷಧಿ ಯಾವ ಹೊತ್ತಿಗೆ ಎಂದು ರೋಗಿಗೆ ವಿವರಿಸುವ ದನಿಯಲ್ಲಿ ಹೇಳಿದಳು.

“ನೀನು ಫೋನ್ ಮಾಡ್ದಾಗೆಲ್ಲ ನಿನ್ನ ಕಷ್ಟ ಹೇಳ್ತಿದ್ದೆ ಕಣೋ. ಮಧ್ಯದಲ್ಲಿ ಜಾಗ ಎಲ್ಲಿತ್ತು?”

ಸೋಮವಾರ ಟೇಪು ನೆಲಮಾಳಿಗೆಗೆ ಹೋದವನೇ ಆ ತುಣುಕನ್ನು ಮತ್ತೆ ಓದುತ್ತೇನೆಂದು ಹಟ ಹಿಡಿದ. ಓದಿದ. ಗಕ್ಕನೆ ನಿಂತ. ಅಳಲಿಲ್ಲ, ಉಸಿರೊಡೆಯಲಿಲ್ಲ. ಕತ್ತಲಲ್ಲಿ ಮೆಟ್ಟಿಲು ಹುಡುಕುವ ಕಾಲಿನ ಹಾಗೆ ಬರೀ ನಿಂತ, ಆಮೇಲೆ ಓಡಿದ. ಅವನ ಜೀವಮಾನದಲ್ಲಿ ಅದಕ್ಕಿಂತ ನಿಖರವಾದ ಅನುಕರಣೆ ಆಗಿರಲಿಲ್ಲ.

“ಸಾಲು ತಪ್ಪಿದ ಹಾಗಿದೆ ಸಾರ್,” ಎಂದಳು ಎಂಜಿನಿಯರಮ್ಮ.

“ತಪ್ಪಿದ್ದು ಸಾಲೇ.”

ಪಾಸ್ಟರಿಗೆ ಇದು ಹಿಡಿಸಲಿಲ್ಲ. ಹಾಸಿಗೆ ಹಿಡಿದ ಮುದುಕಿಯೊಬ್ಬಳು ಆ ಅಳುವನ್ನು ದಿನಕ್ಕೆ ಮೂರು ಸಲ ಕೇಳಿ ಸಮಾಧಾನ ಪಡುತ್ತಾಳೆಂದರು. ಹೊಸದನ್ನು ಹಾಕಿದರೆ ಜನ ಓದಿದವನಿಗೆ ಓದಲು ಬರುವುದಿಲ್ಲ ಎನ್ನುತ್ತಾರೆಂದರು. ಟೇಪು ಅಪ್ಪನ ವಿಷಯ ಎಲ್ಲವನ್ನೂ ಹೇಳಿದ. ಪಾಸ್ಟರು ಕೇಳಿ ನಿಜವಾಗಿಯೂ ಮರುಗಿದರು, ಅವನ ಹೆಗಲ ಮೇಲೆ ಕೈಯಿಟ್ಟರು. ಹೇಗೂ ಅದು ಆಗಲೇ ಸಾವಿರಾರು ಫೋನುಗಳಲ್ಲಿದೆ, ಇನ್ನು ಮನೆಮನೆಗೆ ಹೋಗಿ ಒರೆಸಲಾದೀತೇ ಎಂದು ಕೇಳಿದರು. ಹಳೆಯ ಅಳು ಹಾಗೆಯೇ ಉಳಿಯಿತು. ಟೇಪು ಅಕ್ಕನಿಗೆ ಫೋನ್ ಮಾಡಿ, ತೆಗೆಸಲಾಗಲಿಲ್ಲವೆಂದು ಅಪ್ಪನಿಗೆ ತಿಳಿಸು ಎಂದ. ತಿಳಿಸುತ್ತೇನೆ ಎಂದಳು. ಅಪ್ಪ ಏನೆಂದರೆಂದು ಅವಳು ತಿರುಗಿ ಹೇಳಲಿಲ್ಲ, ಅವನಿಗೂ ಕೇಳುವ ಮುಖವಿರಲಿಲ್ಲ.

ಮುಂದಿನ ತಿಂಗಳು ಯೋಸೇಫನ ಕಥೆಯ ಕೊನೆಗೆ ಬಂದರು. ಬರಗಾಲಕ್ಕೆ ಸಿಕ್ಕಿ ಕಾಳು ಕೇಳಲು ಬಂದ ಅಣ್ಣಂದಿರ ಮುಂದೆ, ದೊಡ್ಡ ಅಧಿಕಾರಿಯಾಗಿರುವ ತಮ್ಮ ತನ್ನ ಗುರುತು ಹೇಳಿಕೊಂಡು ಗೋಳೋ ಎಂದು ಅಳುವ ಅಧ್ಯಾಯ. ಟೇಪು ತನಗೆ ಯೋಸೇಫ ಬೇಡವೆಂದ. ಎಲ್ಲರಿಗೂ ಅವನೇ ಬೇಕಲ್ಲ, ಯಾರಿಗಾದರೂ ಕೊಡಿ, ನನಗೆ ಅಣ್ಣಂದಿರು ಸಾಕು ಎಂದ. ಆ ಹೊತ್ತಿಗೆ ಬೇರೆ ಯಾರೂ ಸಿಗದೆ ಪಾಸ್ಟರೇ ಮೈಕಿನ ಮುಂದೆ ಕೂತರು. ಅವರ ಯೋಸೇಫ, ಆರಾಧನೆಯ ಕೊನೆಗೆ ಕಳೆದುಹೋದ ಕೊಡೆಗಳ ಬಗ್ಗೆ ಪ್ರಕಟಣೆ ಓದುವವನ ಹಾಗೆ ಅತ್ತ.

ಟೇಪು ಇನ್ನೊಂದು ಮೈಕಿನ ಮುಂದೆ ನಿಂತೇ ಇದ್ದ.

“ಸಾರ್, ಇಲ್ಲಿ ನಿಮಗೆ ಮಾತಿಲ್ಲ,” ಎಂದಳು ಎಂಜಿನಿಯರಮ್ಮ. “ಅಣ್ಣಂದಿರು ಬಾಯಿ ಬಿಡಲ್ಲ. ಹೊರಗೆ ಬಂದು ಚಹಾ ಕುಡೀರಿ.”

“ಗೊತ್ತಮ್ಮ. ಇರ್ತೀನಿ.”

ಪಾಸ್ಟರು ಮುಂದಿನ ಸಾಲಿಗೆ ಬಂದರು. ಅಪ್ಪ ಇನ್ನೂ ಇದ್ದಾನೆಯೇ ಎಂದು ಯೋಸೇಫ ಅಣ್ಣಂದಿರನ್ನು ಕೇಳುವ ಸಾಲು. ಕೇಳಿ, ಅಭ್ಯಾಸಬಲದಿಂದ ಬೆರಳಿನಿಂದ ಟೇಪುವಿನ ಕಡೆ ತೋರಿಸಿದರು. ಹತ್ತು ಜನ ಅಣ್ಣಂದಿರೂ ಮೈಕಿನ ಜಾಲರಿಯ ಮುಂದೆ ಒಬ್ಬನೇ ಮನುಷ್ಯನಾಗಿ ನಿಂತು ಉತ್ತರ ಕೊಡಲಿಲ್ಲ. ಮೇಲೆ ಹೊಲಿಗೆ ಯಂತ್ರವೂ ಓಡುತ್ತಿರಲಿಲ್ಲ. ಗಾಜಿನಾಚೆ ದನಿ ಅಳೆಯುವ ಮುಳ್ಳು ಅಲ್ಲಾಡದೆ ಕೂತಿತ್ತು. ಪಾಸ್ಟರು ಕಾದರು, ಹಾಳೆ ನೋಡಿದರು, ಗಾಜಿನಾಚೆ ನೋಡಿದರು. ಕೊನೆಗೆ ಟೇಪು ತಲೆಯಾಡಿಸಿದ ಮೇಲೆ ಮುಂದೆ ಓದಿದರು.

ಸಂಜೆ ಎಂಜಿನಿಯರಮ್ಮ ಆ ಮೌನವನ್ನು ಅಳೆದು ನೋಡಿದಳು. ಹನ್ನೊಂದು ಸೆಕೆಂಡು ಇತ್ತು. ಇಷ್ಟುದ್ದವಾದರೆ ಕೇಳುವವರು ಫೋನು ಕೆಟ್ಟಿತೆಂದು ತಿಳಿಯುತ್ತಾರೆ ಎಂದು, ಎರಡನ್ನು ಉಳಿಸಿ ಮಿಕ್ಕದ್ದನ್ನು ಕತ್ತರಿಸಿದಳು.